ಏರಿಳಿತವಿಲ್ಲದ ಮನುಷ್ಯ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಗಿನ ಹತ್ತು ಗಂಟೆಗೆ ಐದು ನಿಮಿಷ ಬಾಕಿ. ಹೊರಗೆ ಮಂಜು ಹಳೇ ಕಂಬಳಿಯ ಹಾಗೆ ಬೀದಿಯ ಮೇಲೆ ಬಿದ್ದುಕೊಂಡಿತ್ತು. ಕಚೇರಿಯ ಒಳಗೆ, ಕುಡಿಯುವ ನೀರಿನ ಡ್ರಮ್ಮಿನ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಆಮೇಲೆ ಆದದ್ದೆಲ್ಲ ಆ ಹಾಳೆಯಿಂದಲೇ.

ನಲವತ್ತಣ್ಣ ಲೋಟ ಹಿಡಿದು ನೀರಿಗೆ ಹೋದವನು ಅದನ್ನು ಓದಿದ. ಎಂಟು ಜನರ ಹೆಸರು. ಒಂದೊಂದು ಹೆಸರಿನ ಮುಂದೆ ಒಂದೊಂದು ಮಾತು. ಬೆಳೆ ಭೂಮಿ, ಬೆಳೆ ಭೂಮಿ, ಕುರುಚಲು ಕಾಡು, ಎರಡು ಬೆಳೆ ಭೂಮಿ, ಹೀಗೆ. ಅವನ ಹೆಸರಿನ ಮುಂದೆ ಮಾತ್ರ ‘ಕಟ್ಟಡ’ ಎಂದಿತ್ತು. ಅಡಿಯಲ್ಲಿ ಸಾಹೇಬರು ಬರೆದಿದ್ದರು: ‘ಒಬ್ಬರನ್ನು ದೂರದ ಹೊಸ ಕೇಂದ್ರಕ್ಕೆ ಕಳಿಸಬೇಕಾಗಿದೆ. ಇಂದಿನ ಕೆಲಸವನ್ನೂ ಸೇರಿಸಿಕೊಂಡು ಸಂಜೆ ಐದಕ್ಕೆ ಯಂತ್ರವೇ ತೀರ್ಮಾನ ಕೊಡುತ್ತದೆ. ಯಾರೂ ನನ್ನನ್ನು ಬಂದು ಕೇಳಬಾರದು.’

ಲೋಟ ತುಂಬಿ, ನೀರು ಅವನ ಚಪ್ಪಲಿಯ ಮೇಲೆ ಸುರಿಯುತ್ತಲೇ ಇತ್ತು. ಅವನಿಗೆ ಗೊತ್ತಾಗಲಿಲ್ಲ.

ಆ ಕಚೇರಿಯ ಕೆಲಸ ಏನೆಂದು ಮೊದಲು ಹೇಳಿಬಿಡಬೇಕು. ಆಕಾಶದಲ್ಲಿ ಸುತ್ತುವ ಉಪಗ್ರಹ ಹತ್ತು ದಿನಕ್ಕೊಮ್ಮೆ ನೆಲದ ಚಿತ್ರ ತೆಗೆದು ಕಳಿಸುತ್ತದೆ. ಒಂದೊಂದು ತುಂಡು ಭೂಮಿಯೂ ಆ ದಿನ ಎಷ್ಟು ಹಸಿರಾಗಿತ್ತು ಅನ್ನುವುದಕ್ಕೆ ಒಂದು ಅಂಕಿ. ವರ್ಷಕ್ಕೆ ಮೂವತ್ತಾರು ಅಂಕಿ. ಹಿಂದಿನ ಸಾಹೇಬರು ಮೂವತ್ತಾರನ್ನೂ ಸಾಲಾಗಿ ಇಟ್ಟುಕೊಂಡು, ಹಸಿರು ಯಾವಾಗ ಬಂತು, ಎಷ್ಟು ದಿನ ನಿಂತಿತು, ಯಾವಾಗ ಹೋಯಿತು ಎಂದು ಬೆರಳಿಟ್ಟು ನೋಡುತ್ತಿದ್ದರು. ಈಗಿನ ಸಾಹೇಬರು ಬಂದವರೇ, “ಅಷ್ಟುದ್ದದ ಪುರಾಣ ಯಾರಿಗೆ ಬೇಕ್ರೀ? ನಾಲ್ಕೇ ಅಂಕಿ ಸಾಕು” ಎಂದರು. ವರ್ಷದ ಸರಾಸರಿ, ಅತಿ ಹೆಚ್ಚು, ಅತಿ ಕಡಿಮೆ, ಆ ಹೆಚ್ಚು ಕಡಿಮೆಗಳ ನಡುವಿನ ಏರಿಳಿತ. ಈ ನಾಲ್ಕನ್ನು ಯಂತ್ರದ ಬಾಯಿಗೆ ಹಾಕಿದರೆ ಅದು ಹೇಳುತ್ತದೆ. ಏರಿಳಿತ ಜಾಸ್ತಿ ಇದ್ದರೆ ಬಿತ್ತಿ ಕೊಯ್ಯುವ ಬೆಳೆ ಭೂಮಿ. ಸರಾಸರಿ ಮೇಲಿದ್ದು ಏರಿಳಿತ ಕಡಿಮೆ ಇದ್ದರೆ ಕಾಡು. ವರ್ಷವಿಡೀ ಅಲ್ಲಾಡದೆ ಒಂದೇ ಸಮ ಇದ್ದರೆ ಕಟ್ಟಡ. ಹಸಿರು ಯಾವಾಗ ಬಂತು ಅನ್ನುವುದು ಮಾತ್ರ ಆ ನಾಲ್ಕರಲ್ಲಿ ಎಲ್ಲೂ ಇರಲಿಲ್ಲ.

ಯಂತ್ರ ಹೇಳಿದ್ದು ಸರಿಯೋ ತಪ್ಪೋ ಎಂದು ಚಿತ್ರದ ಜೊತೆ ಹೋಲಿಸಿ ಗುಂಡಿ ಒತ್ತುವುದು ಎಂಟು ಜನರ ಕೆಲಸ. ನಲವತ್ತಣ್ಣ ದಿನಕ್ಕೆ ನಲವತ್ತು ತುಂಡು ಭೂಮಿ ನೋಡುತ್ತಿದ್ದ. ಮೂವತ್ತೊಂಬತ್ತಲ್ಲ, ನಲವತ್ತೊಂದಲ್ಲ. ಜ್ವರ ಬಂದ ದಿನವೂ ನಲವತ್ತು, ಕಚೇರಿಯಲ್ಲಿ ಸಿಹಿ ಹಂಚಿದ ದಿನವೂ ನಲವತ್ತು. ಅದಕ್ಕೇ ಆ ಹೆಸರು. ಹುಟ್ಟಿದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಯಾರನ್ನು ದೂರ ಕಳಿಸಿದರೂ ಬೈಸಿಕೊಳ್ಳಬೇಕಲ್ಲ ಎಂದು ಸಾಹೇಬರಿಗೆ ಚಿಂತೆಯಾಗಿತ್ತು. ಅದಕ್ಕೆ ಅವರು ಭೂಮಿಗೆ ಮಾಡುವುದನ್ನೇ ಜನಕ್ಕೂ ಮಾಡಿದ್ದರು. ಒಬ್ಬೊಬ್ಬರು ದಿನಕ್ಕೆ ಎಷ್ಟು ತುಂಡು ನೋಡಿದರು ಅನ್ನುವ ಒಂದು ವರ್ಷದ ಲೆಕ್ಕವನ್ನು ನಾಲ್ಕು ಅಂಕಿಗೆ ಹಿಂಡಿ ಯಂತ್ರಕ್ಕೆ ಕೊಟ್ಟಿದ್ದರು. ಕೊಟ್ಟು, ಹಾಳೆ ಅಂಟಿಸಿ, ಮೀಟಿಂಗು ಎಂದು ಹೊರಗೆ ಹೋಗಿಬಿಟ್ಟಿದ್ದರು.

“ಕಟ್ಟಡ ಅಂದ್ರೆ ಏನು ಗೊತ್ತೇನ್ರೀ?” ಹಿಂದಿನಿಂದ ದನಿ ಬಂತು. ವಕೀಲ. ಅವನು ವಕೀಲನಲ್ಲ, ಅದೇ ಕೋಣೆಯ ಗುಮಾಸ್ತ. ಎರಡು ಮತ್ತೆರಡು ನಾಲ್ಕು ಎಂದರೂ “ಅದಕ್ಕೆ ಆಧಾರ?” ಎಂದು ಕೇಳುವವನಾದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. “ಕಟ್ಟಡ ಅಂದ್ರೆ ಜೀವ ಇಲ್ಲದ್ದು. ಹುಟ್ಟಲ್ಲ, ಚಿಗುರಲ್ಲ. ಈ ಎಂಟರಲ್ಲಿ ಬೇಡವಾದದ್ದು ಯಾವುದು ಅಂತ ಚಿಕ್ಕ ಮಗುವೂ ಹೇಳತ್ತೆ. ಗಂಟುಮೂಟೆ ಕಟ್ಟಿ.”

“ನಾನು ಒಂದು ದಿನಾನೂ ತಪ್ಪಿಸಿಲ್ಲವಲ್ಲಪ್ಪ.”

“ಅದೇ ನಿಮ್ಮ ತಪ್ಪು. ಬಂಡೇನೂ ಒಂದು ದಿನ ತಪ್ಪಿಸಲ್ಲ.”

ಪಕ್ಕದ ಮೇಜಿನಿಂದ ನಿದ್ದೆಗಣ್ಣ ತಲೆ ಎತ್ತಿದ. ಇವನು ಐದು ದಿನ ಮೇಜಿನ ಮೇಲೆ ಮಲಗಿ ಆರನೆಯ ದಿನ ಎದ್ದು ಎಲ್ಲವನ್ನೂ ಒಟ್ಟಿಗೆ ಮುಗಿಸುವವನು. ಯಂತ್ರ ಇವನನ್ನು ‘ಎರಡು ಬೆಳೆ ಭೂಮಿ’ ಎಂದು ಮೆಚ್ಚಿಕೊಂಡಿತ್ತು. ಎದೆ ಉಬ್ಬಿಸಿಕೊಂಡು ಹೇಳಿದ, “ನೋಡಣ್ಣ, ನಿನ್ನ ಸರಾಸರಿ ನಲವತ್ತು, ನನ್ನದೂ ನಲವತ್ತೇ. ಆದ್ರೆ ನಾನು ಏರ್ತೀನಿ, ಇಳೀತೀನಿ. ನೀನು ಮೊಳೆ ಹೊಡೆದ ಕ್ಯಾಲೆಂಡರ್ ಥರ ನೇತಾಡ್ಕೊಂಡಿದೀಯ. ಇವತ್ತೊಂದು ದಿನ ಏನೂ ಮಾಡಬೇಡ. ಸೊನ್ನೆ ಬರಲಿ. ಆವಾಗ ಅತಿ ಕಡಿಮೆ ಸೊನ್ನೆ, ಅತಿ ಹೆಚ್ಚು ನಲವತ್ತು. ಏರಿಳಿತ ಬಂತಲ್ಲ! ಕಟ್ಟಡ ಬಿದ್ದುಹೋಯ್ತು.”

“ಸಾಹೇಬರಿಗೇ ಒಂದು ಫೋನ್ ಮಾಡಿ ಕೇಳಿದ್ರೆ?”

“ಕೇಳಬಾರದು ಅಂತ ಬರೆದಿದ್ದಾರೆ. ಕೇಳಿದ್ರೆ ನೀವು ಹೆದರಿದೀರಿ ಅಂತ ಗೊತ್ತಾಗತ್ತೆ” ಎಂದ ವಕೀಲ. “ಹೆದರಿದವನನ್ನ ಮೊದಲು ಕಳಿಸ್ತಾರೆ.”

ಎಲ್ಲರ ದಿನದ ಲೆಕ್ಕ ಬರೆದಿಡುತ್ತಿದ್ದ ಟೈಪಿಸ್ಟಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ, “ಇವರಿಬ್ಬರ ಮಾತು ಕೇಳಿ ಉದ್ಧಾರ ಆದವರಿಲ್ಲ ಕಣ್ರೀ. ಸುಮ್ನೆ ನಿಮ್ಮ ಕೆಲಸ ನೀವು ಮಾಡಿ” ಎಂದರು. ಆದರೆ ನೀರಲ್ಲಿ ಮುಳುಗುತ್ತಿರುವವನಿಗೆ ಸುಮ್ಮನಿರು ಅನ್ನುವ ಮಾತು ಕಿವಿಗೆ ಬೀಳುವುದಿಲ್ಲ.

ವರ್ಗಾವಣೆಯೆಂದರೆ ಬೇರೆಯವರಿಗೆ ಒಂದು ಪೆಟ್ಟಿಗೆ, ಒಂದು ಹಾಸಿಗೆ. ನಲವತ್ತಣ್ಣನಿಗೆ ಹಾಗಲ್ಲ. ಅವನ ಮನೆಯಲ್ಲಿ ಇದ್ದದ್ದು ಅಕ್ಕ ಒಬ್ಬಳೇ. ಆರು ವರ್ಷದ ಕೆಳಗೆ ಅವಳ ಎರಡೂ ಕಣ್ಣು ಹೋಗಿದ್ದವು. ಮೊದಲ ವರ್ಷ ಗೋಡೆ, ಬಾಗಿಲು, ಒಲೆ ಎಲ್ಲಕ್ಕೂ ಬಡಿದುಕೊಂಡು ಮೈಯೆಲ್ಲ ನೀಲಿ ಮಾಡಿಕೊಂಡಳು. ಆಮೇಲೆ ಮನೆ ಅವಳ ಅಂಗೈಗೆ ಬಂತು. ಈಗ ಅವಳೇ ಅಡಿಗೆ ಮಾಡುತ್ತಾಳೆ, ಅವಳೇ ಬಟ್ಟೆ ಒಣಗಿಸುತ್ತಾಳೆ, ಬೀದಿ ಮೂಲೆಯ ಅಂಗಡಿಗೆ ಒಬ್ಬಳೇ ಹೋಗಿ ಕೊತ್ತಂಬರಿ ಬಾಡಿದೆ ಎಂದು ಜಗಳ ಆಡಿ ಬರುತ್ತಾಳೆ. ಆ ಮನೆ ಬಿಡಿಸಿದರೆ ಅವಳ ಗತಿ ಏನು? ಅವನಿಗೆ ಹಾಳೆಯಲ್ಲಿ ಕಂಡದ್ದು ಅದೊಂದೇ.

ಹಾಗಾಗಿ ಅವನು ಕೆಲಸ ಮಾಡದೆ ಕೂತ.

ಕೆಲಸ ಮಾಡುವುದು ಅವನಿಗೆ ಗೊತ್ತಿತ್ತು, ಮಾಡದಿರುವುದು ಗೊತ್ತಿರಲಿಲ್ಲ. ಹತ್ತೂಕಾಲಿಗೆ ಕೈ ತಾನಾಗಿ ಹೋಗಿ ಮೌಸ್ ಹಿಡಿಯಿತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಹತ್ತೂವರೆಗೆ ಕಣ್ಣು ಪರದೆಯ ಮೇಲಿನ ಹೊಲವನ್ನು ನೋಡಿ, ‘ಇದು ಬೆಳೆಯಲ್ಲ, ಹುಲ್ಲು’ ಎಂದು ಒಳಗೇ ತೀರ್ಪು ಕೊಟ್ಟುಬಿಟ್ಟಿತು. ಪರದೆಗೆ ಬೆನ್ನು ಹಾಕಿ ಕೂತ. ಹನ್ನೊಂದಕ್ಕೆ ತಡೆಯಲಾರದೆ ಎದ್ದು ಮೆಟ್ಟಿಲ ಮೇಲೆ ಹೋಗಿ ನಿಂತ. ಆ ಹೊತ್ತಿನಲ್ಲಿ ಅವನನ್ನು ಕುರ್ಚಿಯ ಹೊರಗೆ ಕಂಡವರೇ ಇರಲಿಲ್ಲ. ಮೇಲಿನ ಮಹಡಿಯಿಂದ ಇಳಿದು ಬಂದವರೊಬ್ಬರು ಅವನ ಮುಖ ನೋಡಿ, ಹೆಗಲ ಮೇಲೆ ಕೈಯಿಟ್ಟು, “ಯಾವಾಗ ಹೋದರು?” ಎಂದು ಮೆಲ್ಲಗೆ ಕೇಳಿದರು.

“ಯಾರು?”

“ಬಿಡಿ, ಈಗ ಹೇಳೋಕೆ ಕಷ್ಟ ಆಗತ್ತೆ. ಧೈರ್ಯ ತಗೊಳ್ಳಿ” ಎಂದು ಕಣ್ಣೊರೆಸಿಕೊಂಡು ಅವರು ಹೋದರು. ಹದಿನೈದು ನಿಮಿಷದಲ್ಲಿ ಇನ್ನೂ ಮೂರು ಜನ ಬಂದು ಸಂತಾಪ ಹೇಳಿದರು. ನಾಲ್ಕನೆಯವರು ಬರುವುದು ಕಂಡು ನಲವತ್ತಣ್ಣ ಬೀದಿಗೆ ಇಳಿದ.

ಬೀದಿಯಲ್ಲಿ ಅವನ ಎದುರುಮನೆ ಟೈಲರ್ ಸೈಕಲ್ಲಿನ ಮೇಲೆ ಬಟ್ಟೆ ಗಂಟು ಇಟ್ಟುಕೊಂಡು ಹೋಗುತ್ತಿದ್ದ. ಇವನನ್ನು ನೋಡಿದ. ಗಡಿಯಾರ ನೋಡಿದ. ಮತ್ತೆ ಇವನನ್ನು ನೋಡಿದ. ಏನೂ ಕೇಳದೆ ಸೈಕಲ್ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೊರಟುಹೋದ. ಅವನ ಸೂಜಿಗಿಂತ ಅವನ ನಾಲಿಗೆ ಚೂಪು ಅನ್ನುವುದು ಬೀದಿಗೆಲ್ಲ ಗೊತ್ತು.

ಹನ್ನೆರಡು ಗಂಟೆಗೆ ಕಚೇರಿಯ ಫೋನು ಹೊಡೆದುಕೊಂಡಿತು. ಟೈಪಿಸ್ಟಮ್ಮ ಎತ್ತಿ, “ನಿಮ್ಮ ಅಕ್ಕ” ಎಂದು ಕೊಟ್ಟರು.

“ಏನೋ, ಕೆಲಸದಿಂದ ತೆಗೆದ್ರಂತಲ್ಲೋ? ಬೀದೀಲಿ ನಿಂತು ಅಳ್ತಾ ಇದ್ದೀಯಂತೆ?”

“ಇಲ್ಲಕ್ಕ. ಯಾರು ಹೇಳಿದ್ದು? ಕೆಲಸ ಇದೆ.”

“ಇದ್ರೆ ಬೀದೀಲಿ ಏನ್ ಮಾಡ್ತಿದ್ದೆ?”

ಅಕ್ಕನ ಹತ್ತಿರ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಕಣ್ಣಿದ್ದಾಗ ಮುಖ ನೋಡಿ ಹಿಡಿಯುತ್ತಿದ್ದಳು, ಈಗ ಉಸಿರು ಕೇಳಿ ಹಿಡಿಯುತ್ತಾಳೆ. ಇದ್ದದ್ದು ಹೇಳಿದ. ದೂರದ ಊರು, ಒಬ್ಬರು ಹೋಗಬೇಕು, ಸಂಜೆ ಐದಕ್ಕೆ ಗೊತ್ತಾಗುತ್ತದೆ.

ಅಕ್ಕ, “ಇನ್ನೊಂದು ಮನೆಗೆ ಹೋದ್ರೆ ನನ್ನ ಕಣ್ಣು ಇನ್ನೊಂದ್ಸಲ ಹೋದ ಹಾಗೆ ಕಣೋ” ಎಂದಳು. ಎಂದು, “ಇರಲಿ, ಊಟ ಮಾಡು. ಡಬ್ಬೀಲಿ ಉಪ್ಪಿನಕಾಯಿ ಇಟ್ಟಿದೀನಿ” ಎಂದು ಫೋನಿಟ್ಟಳು.

ನಲವತ್ತಣ್ಣ ಡಬ್ಬಿ ತೆರೆದ. ಅಷ್ಟರಲ್ಲಿ ವಕೀಲ ಬಂದು ಎದುರು ಕೂತು, ತನ್ನ ಡಬ್ಬಿ ಬಿಟ್ಟು ಇವನ ಡಬ್ಬಿಗೇ ಕೈ ಹಾಕಿದ.

“ನಾನು ಯೋಚನೆ ಮಾಡಿದೆ ಕಣ್ರೀ. ಉಪ್ಪಿನಕಾಯಿ ಚೆನ್ನಾಗಿದೆ. ಈ ಸೊನ್ನೆ ಉಪಾಯ ನಿಲ್ಲಲ್ಲ. ಏರಿಳಿತ ಬರತ್ತೆ ನಿಜ, ಆದ್ರೆ ಕೆಳಗಡೆಗೆ ಬರತ್ತೆ. ಸರಾಸರಿ ಇಳಿಯತ್ತೆ. ಯಂತ್ರ ಏನನ್ನತ್ತೆ? ಪಾಳು ಭೂಮಿ ಅನ್ನತ್ತೆ.”

“ಪಾಳಾ?”

“ಪಾಳು. ಕಟ್ಟಡದಲ್ಲಿ ಒಬ್ಬ ಬಾಡಿಗೆಯವನಾದ್ರೂ ಇರ್ತಾನೆ. ಪಾಳಲ್ಲಿ ಏನಿರತ್ತೆ? ಕತ್ತೆ. ಏರಬೇಕು ಕಣ್ರೀ, ಮೇಲಕ್ಕೆ ಏರಬೇಕು. ಈಗಿಂದ ಎರಡರಷ್ಟು ವೇಗದಲ್ಲಿ ಮಾಡಿ.”

“ಯಾಕೋ ಹೆದರಿಸ್ತೀಯಾ ಪಾಪ?” ಎಂದ ನಿದ್ದೆಗಣ್ಣ ನಿದ್ದೆಯಲ್ಲೇ. ಆದರೆ ಪಾಳು ಅನ್ನುವ ಮಾತು ನಲವತ್ತಣ್ಣನ ಎದೆಗೆ ಹೋಗಿ ಕೂತುಬಿಟ್ಟಿತ್ತು. ಅರ್ಧ ತಿಂದ ಡಬ್ಬಿಯನ್ನು ವಕೀಲನ ಕಡೆಗೇ ತಳ್ಳಿ ಎದ್ದ.

ಒಂದು ಗಂಟೆಗೆ ಕೂತವನು ತಲೆ ಎತ್ತಲಿಲ್ಲ. ಹೊಲ, ತೋಟ, ಕೆರೆ, ಹೊಲ, ಬೋಳುಗುಡ್ಡ. ಎದುರಿಗೆ ಭೂಮಿ ರೈಲಿನ ಕಿಟಕಿಯಲ್ಲಿ ಓಡುವ ಹಾಗೆ ಓಡಿತು. ಬೆನ್ನು ನೆಟ್ಟಗೆ, ಕಣ್ಣಲ್ಲಿ ನೀರು, ಬೆರಳು ಹೊಲಿಗೆ ಯಂತ್ರದ ಹಾಗೆ ಟಕಟಕ. ಆದರೂ ಒಂದನ್ನೂ ನೋಡದೆ ಬಿಡಲಿಲ್ಲ. ಸಂಶಯ ಬಂದದ್ದನ್ನು ಹಿಂದೆ ತಿರುಗಿಸಿ ನೋಡಿದ. ಗಡಿಯಾರ ನಾಲ್ಕೂವರೆ ಹೊಡೆದಾಗ ಶಾಲೆಯ ಹುಡುಗನ ಹಾಗೆ ಎದ್ದು ನಿಂತು, “ಎಷ್ಟಾಯ್ತಮ್ಮ?” ಎಂದು ಕೂಗಿದ.

ಟೈಪಿಸ್ಟಮ್ಮ ಲೆಕ್ಕ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

“ನಲವತ್ತು” ಎಂದರು.

ಕೋಣೆಯಲ್ಲಿ ಯಾರೂ ನಗಲಿಲ್ಲ. ಬೆಳಗಿನ ಸೊನ್ನೆಯೂ ಮಧ್ಯಾಹ್ನದ ದುಪ್ಪಟ್ಟೂ ಸೇರಿ ಮತ್ತೆ ಅದೇ ಬಾಗಿಲಿಗೆ ಬಂದು ನಿಂತಿದ್ದವು. ವಕೀಲ ಆಧಾರ ಕೇಳದೆ ಲೆಕ್ಕ ಒಪ್ಪಿಕೊಂಡ, ಅದು ಆ ವರ್ಷದಲ್ಲಿ ಮೊದಲ ಸಲ.

ನಲವತ್ತಣ್ಣ ಕುರ್ಚಿಯಲ್ಲಿ ಕುಸಿದ. ಪರದೆಯ ಮೂಲೆಯಲ್ಲಿ ಒಂದು ಗುಂಡಿ ಇತ್ತು. ‘ಉಳಿದದ್ದೆಲ್ಲ ಸರಿ’ ಎಂದು ಅದರ ಮೇಲೆ ಬರೆದಿತ್ತು. ಒತ್ತಿದರೆ ಬಾಕಿ ಇರುವ ಭೂಮಿಯೆಲ್ಲ ನೋಡಿದ ಲೆಕ್ಕಕ್ಕೆ ಹೋಗುತ್ತದೆ. ಹನ್ನೆರಡು ವರ್ಷ ಅವನು ಆ ಗುಂಡಿಯ ಹತ್ತಿರ ಬೆರಳು ಒಯ್ದವನಲ್ಲ. ಯಾರದೋ ಹೊಲವನ್ನು ನೋಡದೆ ಸರಿ ಅನ್ನುವುದು, ರೋಗಿಯನ್ನು ನೋಡದೆ ಔಷಧಿ ಬರೆದ ಹಾಗೆ ಎಂದು ಅವನೇ ಹೊಸಬರಿಗೆ ಹೇಳುತ್ತಿದ್ದ. ಗಂಟೆ ನಾಲ್ಕು ಐವತ್ತಾಯಿತು. ಅಕ್ಕನ ದನಿ ಕಿವಿಯಲ್ಲೇ ಇತ್ತು. ಕಣ್ಣು ಮುಚ್ಚಿಕೊಂಡು ಒತ್ತಿದ.

ಬಾಕಿ ಇದ್ದದ್ದು ಆರುನೂರು.

“ಆರುನೂರಾ?” ನಿದ್ದೆಗಣ್ಣನಿಗೆ ಪೂರ್ತಿ ಎಚ್ಚರವಾಯಿತು. ಹತ್ತಿರ ಬಂದು ಪಿಸುಗುಟ್ಟಿದ, “ಅಣ್ಣಾ, ಒಂದೇ ಸಲ ಆರುನೂರು ಒತ್ತೋದಾ? ನಾನು ಇಷ್ಟು ವರ್ಷದಲ್ಲಿ ನೂರಾ ಎಂಬತ್ತು ದಾಟಿಲ್ಲ. ಕಳ್ಳತನಕ್ಕೂ ಒಂದು ಅಳತೆ ಬೇಡವಾ?”

“ನನಗೆ ಅಭ್ಯಾಸ ಇಲ್ಲಪ್ಪ” ಎಂದ ನಲವತ್ತಣ್ಣ.

ಐದು ಗಂಟೆಗೆ ಸರಿಯಾಗಿ ಸಾಹೇಬರು ಬಂದರು. ಕೋಟು ಕಳಚಿ, ಯಂತ್ರಕ್ಕೆ ಆಜ್ಞೆ ಕೊಟ್ಟು, ಕೈಕಟ್ಟಿ ನಿಂತರು. ಹಾಳೆ ಹೊರಬಂತು. ಓದಿದರು. ಅವರ ಹುಬ್ಬು ಮೇಲೇರಿತು. ನೇರವಾಗಿ ನಲವತ್ತಣ್ಣನ ಹತ್ತಿರ ಬಂದು ಕೈ ಕುಲುಕಿದರು.

“ನಿಮ್ಮಲ್ಲಿ ಇಂಥಾ ಶಕ್ತಿ ಇದೆ ಅಂತ ಗೊತ್ತೇ ಇರಲಿಲ್ಲ ಕಣ್ರೀ! ಅಭಿನಂದನೆ!”

“ಕಟ್ಟಡ ಹೋಯ್ತಾ ಸಾರ್?” ಎಂದು ಅವನು ಉಸಿರು ಹಿಡಿದು ಕೇಳಿದ.

“ಹೋಯ್ತು. ಬೆಳೆ ಭೂಮಿ. ಉತ್ತಮ ಬೆಳೆ ಭೂಮಿ ಅಂತ ಬಂದಿದೆ.”

ವಕೀಲ “ನಾನು ಹೇಳಿರಲಿಲ್ಲವಾ, ಮೇಲಕ್ಕೆ ಏರಬೇಕು ಅಂತ!” ಎಂದು ಮೇಜು ಕುಟ್ಟಿದ. ಯಾರೋ ಚಪ್ಪಾಳೆ ತಟ್ಟಿದರು. ನಲವತ್ತಣ್ಣನ ಮುಖದಲ್ಲಿ, ಬೆಳಗಿನಿಂದ ಮೊದಲ ಸಲ, ಬಣ್ಣ ಬಂತು. ಅಕ್ಕನಿಗೆ ಫೋನ್ ಮಾಡಬೇಕೆಂದು ಆ ಕಡೆಗೆ ಒಂದು ಹೆಜ್ಜೆಯನ್ನೂ ಇಟ್ಟ.

“ದೂರದ ಕೇಂದ್ರಕ್ಕೆ ನೀವೇ” ಎಂದರು ಸಾಹೇಬರು.

ಇಟ್ಟ ಹೆಜ್ಜೆ ಅಲ್ಲೇ ನಿಂತಿತು.

“ಅಲ್ಲಿ ವರ್ಷದಲ್ಲಿ ಎಂಟು ತಿಂಗಳು ಮೋಡ ಕಣ್ರೀ. ಚಿತ್ರದಲ್ಲಿ ನೆಲವೇ ಕಾಣಲ್ಲ. ಆಮೇಲೆ ನಾಲ್ಕು ತಿಂಗಳು ಆಕಾಶ ತೆರೆಯತ್ತೆ, ಒಂದೊಂದು ದಿನ ಐನೂರು ಆರುನೂರು ಬಂದು ಬೀಳತ್ತೆ. ಒಬ್ಬನೇ ಮನುಷ್ಯ ಅದನ್ನ ಹೊರಬೇಕು. ಏರಿಳಿತ ಎಲ್ಲರಿಗಿಂತ ಜಾಸ್ತಿ ಇರೋರು ಬೇಕು ಅಂತ ಮೇಲಿಂದ ಪತ್ರ. ನಿಮ್ಮದು ನೋಡಿ, ಅತಿ ಹೆಚ್ಚು ಆರುನೂರ ನಲವತ್ತು! ಅತಿ ಕಡಿಮೆ ಅಂದ್ರೂ ನಲವತ್ತು, ಅಂದ್ರೆ ಒಂದು ದಿನವೂ ಸೋಮಾರಿಯಲ್ಲ. ದೇಶ ಹುಡುಕಿದ್ರೂ ಇಂಥಾ ಮನುಷ್ಯ ಸಿಗಲ್ಲ.”

“ಸಾರ್, ಅದು ಇವತ್ತೊಂದೇ ದಿನದ್ದು. ಮಿಕ್ಕ ದಿನವೆಲ್ಲ ನಲವತ್ತೇ. ದಿನದ ಪಟ್ಟಿ ನೋಡಿ ಸಾರ್.”

“ದಿನದ ಪಟ್ಟಿ ಎಲ್ಲಿದೇರೀ? ನಾಲ್ಕು ಅಂಕಿ ತೆಗೆದ ಮೇಲೆ ಅದನ್ನೆಲ್ಲ ಅಳಿಸಿಬಿಡತ್ತೆ ಯಂತ್ರ. ಸುಮ್ನೆ ಜಾಗ ತಿನ್ನತ್ತೆ.”

ಟೈಪಿಸ್ಟಮ್ಮ ತಮ್ಮ ಪರದೆ ನೋಡಿದರು. ನಿಜ, ಖಾಲಿಯಾಗಿತ್ತು.

“ಮತ್ತೆ ಈ ಕಟ್ಟಡ...” ಎಂದು ವಕೀಲ ಬಾಯಿ ಹಾಕಿದ. ದನಿ ಸಣ್ಣದಾಗಿತ್ತು. “ಬೆಳಗ್ಗೆ ಅವರನ್ನ ಕಟ್ಟಡ ಅಂದಿತ್ತಲ್ಲ ಸಾರ್?”

“ಹೌದು. ಕಟ್ಟಡವನ್ನ ಯಾರಾದ್ರೂ ಎಬ್ಬಿಸಿಕೊಂಡು ಬೇರೆ ಊರಿಗೆ ಹೋಗ್ತಾರೇನ್ರೀ? ಅದು ಇದ್ದಲ್ಲೇ ಇರತ್ತೆ. ಮೊದಲು ಕೈಬಿಟ್ಟದ್ದೇ ಇವರ ಹೆಸರು. ಬೆಳಗಿನ ಲೆಕ್ಕದ ಪ್ರಕಾರ ಹೋಗಬೇಕಾಗಿದ್ದು ಈ ಮಹಾಶಯರು” ಎಂದು ಸಾಹೇಬರು ನಿದ್ದೆಗಣ್ಣನ ಕಡೆ ಗದ್ದ ತೋರಿಸಿದರು. ನಿದ್ದೆಗಣ್ಣ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿದ.

ನಲವತ್ತಣ್ಣನಿಗೆ ಉಳಿದದ್ದು ಒಂದೇ ದಾರಿ. “ಸಾರ್, ನಾನು ಅದನ್ನ ನೋಡ್ದೇ...” ಎಂದು ಶುರು ಮಾಡಿದ.

“ಏನು ನೋಡ್ದೇ?” ಸಾಹೇಬರು ತಿರುಗಿದರು. “ಹೋದ ತಿಂಗಳು ಮೇಲಿನ ಮಹಡಿಯಲ್ಲಿ ಒಬ್ಬ ನೋಡ್ದೇ ಗುಂಡಿ ಒತ್ತಿದ್ದಕ್ಕೆ ಮನೆಗೆ ಕಳಿಸಿದ್ರು, ಕೇಳಿದೀರಲ್ಲ?”

ನಿದ್ದೆಗಣ್ಣ ಇವನ ಕಾಲು ತುಳಿದ. ಟೈಪಿಸ್ಟಮ್ಮ ತಲೆ ತಗ್ಗಿಸಿದರು. ಕೆಲಸ ಹೋದರೆ ಮನೆ ಬಾಡಿಗೆಯೂ ಇಲ್ಲ, ಅಕ್ಕನ ಔಷಧಿಯೂ ಇಲ್ಲ.

“ನೋಡ್ದೇ ಇರೋ ಊರು ಅದು ಅಂತ ಹೇಳ್ತಿದ್ದೆ ಸಾರ್” ಎಂದ.

“ಹೋದ ಮೇಲೆ ನೋಡೇ ನೋಡ್ತೀರಿ” ಎಂದು ಸಾಹೇಬರು ನಕ್ಕು, ರುಜು ಹಾಕಿದರು.

ಹೊರಡಲು ಹದಿನೈದು ದಿನ ಕೊಟ್ಟಿದ್ದರು. ಆ ಹದಿನೈದು ದಿನವೂ ಅವನು ಹತ್ತಕ್ಕೆ ಬಂದು ಕೂತು, ನೋಡದೆ ಬಿಟ್ಟಿದ್ದ ಆರುನೂರನ್ನು ಒಂದೊಂದಾಗಿ ನೋಡಿದ. ದಿನಕ್ಕೆ ನಲವತ್ತು. ಯಾವ ಲೆಕ್ಕಕ್ಕೂ ಹೋಗದ ಕೆಲಸ. ಅದರಲ್ಲಿ ಹನ್ನೊಂದು ತಪ್ಪಿದ್ದವು. ತಿದ್ದಿದ.

ಆ ಊರಿಗೆ ರೈಲಿನಲ್ಲಿ ಎರಡು ದಿನ, ಆಮೇಲೆ ದೋಣಿಯಲ್ಲಿ ಒಂದು ದಿನ. ಅಲ್ಲಿ ಕೊಟ್ಟಿದ್ದ ವಸತಿ ಕಬ್ಬಿಣದ ಏಣಿಯ ಮೇಲೆ ಒಂದೇ ಕೋಣೆ, ಸುತ್ತಲೂ ನೀರು. ಟೈಪಿಸ್ಟಮ್ಮ ಯಾರನ್ನೋ ವಿಚಾರಿಸಿ ಇದನ್ನು ತಿಳಿದುಕೊಂಡು ಮನೆಗೆ ಬಂದು ಹೇಳಿದ ದಿನ, ಅಕ್ಕ ಅಡಿಗೆ ಮನೆಯಲ್ಲಿ ಪಾತ್ರೆ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ನಾನು ಬರಲ್ಲ ಕಣೋ” ಎಂದಳು. “ಏಣಿ ಹತ್ತಿಸಿ ಇಳಿಸಿ ನಿನಗೇ ಸುಸ್ತಾಗತ್ತೆ. ಇಲ್ಲಿ ರಾತ್ರಿ ಹೊತ್ತು ಒಬ್ಬಳೇ ಇರೋಕೂ ಆಗಲ್ಲ. ನಮ್ಮ ತಂಗಿ ತನ್ನ ಮನೇಲಿ ಒಂದು ಮೂಲೆ ಕೊಡ್ತಾಳೆ. ಬಡಿದುಕೊಳ್ಳೋದಿದ್ರೆ ಅಲ್ಲೇ ಬಡಿದುಕೋತೀನಿ.”

ಅವನು ಒರೆಸಿದ ಪಾತ್ರೆಗಳನ್ನು ಅವುಗಳ ಜಾಗಕ್ಕೇ ಎತ್ತಿಟ್ಟ. ಮಾತಾಡಿದ್ದರೆ, ಅವನೇ ತಂದುಕೊಂಡದ್ದು ಇದು ಎಂದು ಅವಳು ದನಿಯಲ್ಲೇ ಹಿಡಿಯುತ್ತಿದ್ದಳು.

ಅವನು ಹೊರಟದ್ದು ಒಂದು ಬುಧವಾರ. ಪೆಟ್ಟಿಗೆ ಹೊತ್ತು ರೈಲಿನವರೆಗೆ ಬಂದವನು ನಿದ್ದೆಗಣ್ಣ. ದಾರಿಯುದ್ದಕ್ಕೂ ಒಂದು ಸಲವೂ ಆಕಳಿಸಲಿಲ್ಲ. ಅಕ್ಕ ಹೊರಟದ್ದು ಅದೇ ವಾರದ ಶನಿವಾರ, ತಂಗಿಯ ಮಗಳ ಕೈ ಹಿಡಿದುಕೊಂಡು.